ಸುಧಕ್ಕನ ಪರದೆಯ ಕೆಂಪಕ್ಷರ

ಸುಧಕ್ಕಾ, ತಪ್ಪು ನಿಮ್ಮದಲ್ಲ ಎಂದು ಗೊತ್ತಿದ್ದೂ ನಿಮ್ಮದೇ ಎಂದವಳು ನಾನು.

ಕಾಕ್ಕನಾಡಿನಲ್ಲಿ ನಾವು ಎದುರುಬದುರು ಫ್ಲ್ಯಾಟಿನವರು. ಮಕ್ಕಳಾದ ಮೇಲೆ ಬಿಟ್ಟಿದ್ದ ಕೆಲಸಕ್ಕೆ ಮರಳಬೇಕೆಂದು ನೀವು, ಇದ್ದ ಸಣ್ಣ ಕಂಪನಿಯಿಂದ ಪಾರಾಗಬೇಕೆಂದು ನಾನು — ಇಬ್ಬರೂ ಒಂದೇ ಹುದ್ದೆಗೆ ಅರ್ಜಿ ಹಾಕಿದ್ದೆವು. ಆ ಹುದ್ದೆಗೆ ಬೇಕಿದ್ದ ಪ್ರೋಗ್ರಾಮಿಂಗ್ ಫ್ರೇಮ್‌ವರ್ಕ್ ಇಬ್ಬರಿಗೂ ಹೊಸದು. ನಿಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್‌ಗಳನ್ನಿಟ್ಟು, ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಅದರಲ್ಲಿ ತೋರಿಸಿದ ಕೋಡನ್ನೇ ಬರೆಯುತ್ತ ಕಲಿತೆವು. ನನ್ನ ತಲೆಗೆ ಹತ್ತದ್ದನ್ನು ನೀವೇ ಗಂಜಿ ಬಡಿಸುತ್ತ ಬಿಡಿಸಿ ಹೇಳುತ್ತಿದ್ದಿರಿ.

ಪಾಠ ಅರ್ಧಕ್ಕೆ ಬಂದಾಗ ನಿಮ್ಮ ಪರದೆಯ ತುಂಬ ತಪ್ಪು ತಪ್ಪು ಎನ್ನುವ ಕೆಂಪಕ್ಷರ. ಅಳಿಸಿದಿರಿ, ಮತ್ತೆ ಬರೆದಿರಿ, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ನೋಡಿದಿರಿ.

"ಕುಕ್ಕರಾದ್ರೂ ಮೂರು ವಿಸಿಲ್‌ಗೆ ಸುಮ್ಮನಾಗ್ತದೆ, ನಿನ್ನ ಈ ಪೆಟ್ಟಿಗೆ ಆಗುದೇ ಇಲ್ಲವಲ್ಲ ಮಾರಾಯ್ತಿ!" ಎಂದು ನಿಮ್ಮ ಯಜಮಾನರು ನಕ್ಕರು.

ನನ್ನ ಪರದೆಯಲ್ಲೂ ಅದೇ ಬಂದಿತ್ತು. ಮನೆಗೆ ಹೋಗಿ ವಿಡಿಯೊದ ಕೆಳಗಿನ ಕಮೆಂಟುಗಳನ್ನು ಓದಿದೆ. ಪಾಠ ಹಳೆಯ ಆವೃತ್ತಿಯದು. ನಾವು ಇಳಿಸಿಕೊಂಡಿದ್ದ ಹೊಸ ಆವೃತ್ತಿಯಲ್ಲಿ ಹಾಗೆ ಬರೆಯುವ ಕ್ರಮವನ್ನೇ ಕೈಬಿಟ್ಟಿದ್ದರು. ನೀವು ಒಂದಕ್ಷರವನ್ನೂ ತಪ್ಪು ಬರೆದಿರಲಿಲ್ಲ. ಹೊಸ ಪಾಠ ಹುಡುಕಿ ಒಬ್ಬಳೇ ನೋಡಿದೆ. ಮರುದಿನ ನೀವು ಕೇಳಿದಿರಿ —

"ನಿನಗೆ ಸರಿ ಬಂತಾ? ನನ್ನದೇ ಎಲ್ಲೋ ತಪ್ತಾ ಉಂಟು, ಅಲ್ವಾ?"

ಹೇಳಬೇಕೆಂದು ಬಾಯಿಯವರೆಗೂ ಬಂತು — ಬಂತು, ಹಿಂದಕ್ಕೆ ಹೋಯಿತು.

"ಹೌದಕ್ಕಾ. ಇನ್ನೊಮ್ಮೆ ಬರೆದು ನೋಡಿ."

ನೀವು ಬರೆದಿರಿ. ಎಷ್ಟು ನಂಬಿ ಬರೆದಿರಿ...

ಸಂದರ್ಶನದಲ್ಲೂ ಆ ಹಳೆಯ ಕ್ರಮವನ್ನೇ ಬರೆದು ಬಂದಿರಿ. ಕೆಲಸ ನನಗಾಯಿತು. ಪಾಯಸ ಮಾಡಿ ಕೊಟ್ಟವರು ನೀವು, ಕುಡಿದವಳು ನಾನು. ಆಮೇಲೆ ನಿಮ್ಮವರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ನೀವು ಮತ್ತೆಲ್ಲೂ ಅರ್ಜಿ ಹಾಕಲಿಲ್ಲ.

ಮೊನ್ನೆ ನಾವು ಫೋನಿನಲ್ಲಿ ಮಾತಾಡುತ್ತಿದ್ದಾಗ ನಿಮ್ಮ ಮಗಳು ಕಾಲೇಜಿನ ಪ್ರಾಜೆಕ್ಟ್ ತೋರಿಸಲು ಬಂದಳಲ್ಲ — ನೀವು ಅವಳಿಗೆ ಹೇಳಿದ್ದು ನನಗೂ ಕೇಳಿಸಿತು.

"ನನ್ನ ಹತ್ರ ಕೇಳ್ಬೇಡ ಮಗಾ. ಅಮ್ಮನ ತಲೆಗೆ ಅದೆಲ್ಲ ಹೋಗುದಿಲ್ಲ."

"ಸಾರಮಿಲ್ಲ ಅಮ್ಮೇ," ಪರವಾಗಿಲ್ಲ ಬಿಡು ಎಂದು ಅವಳು ಮಲಯಾಳದಲ್ಲೇ ಸಮಾಧಾನ ಹೇಳಿದಳು.

ಕೆಲಸವೊಂದನ್ನೇ ಕಿತ್ತುಕೊಂಡೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲ — ನಿಮ್ಮ ತಲೆಯ ಮೇಲೆ ನಿಮಗಿದ್ದ ನಂಬಿಕೆಯನ್ನೇ...

ಆಗ ನನ್ನ ಕಷ್ಟ ಏನಿತ್ತೆಂದು ಬರೆಯಹೊರಟು ಅಳಿಸಿದೆ. ಈ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇದನ್ನೆಲ್ಲ ಅವಳ ಎದುರಿಗೇ ಹೇಳಬೇಕು. ಆಮೇಲೆ ಹೋಗು ಎಂದರೆ, ಹೋಗುತ್ತೇನೆ.