ಐಸ್ ಹಾಕಿಯ ಗಡ್ಡ

ಗಲ್ಫಿನ ಅಲ್ ಕೂಜ್‌ನಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟುವ ಕಂಪನಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಮೀನಿಗೆ ಎಷ್ಟು ಚಳಿ ಬೇಕು, ಐಸ್‌ಕ್ರೀಮಿಗೆ ಎಷ್ಟು, ಔಷಧಿಗೆ ಎಷ್ಟು ಎಂದು ನೋಡಿ ಡ್ರಾಯಿಂಗ್ ಮಾಡುವುದು ನನ್ನ ಪಾಲಿನ ಕೆಲಸ. ಆದರೆ ಮನುಷ್ಯರು ಬೇಕೆಂದೇ ಮಂಜುಗಡ್ಡೆಯ ಮೇಲೆ ಜಾರುತ್ತಾ ಒಬ್ಬರನ್ನೊಬ್ಬರು ಗೋಡೆಗೆ ಗುದ್ದುವ ಆಟವೊಂದಿದೆ ಎಂದು ಗೊತ್ತಾದದ್ದು ಸ್ವಿಟ್ಜರ್ಲೆಂಡಿನ ಮ್ಯಾನೇಜರ್ ಬಂದ ಮೇಲೆಯೇ.

ಅವರ ಊರಿನ ಐಸ್ ಹಾಕಿ ತಂಡ ಅಲ್ಲಿಯ ದೊಡ್ಡ ಲೀಗಿನಲ್ಲಿ ಆಡುತ್ತಿತ್ತು. ಶನಿವಾರದ ಪಂದ್ಯವನ್ನು ರೆಕಾರ್ಡ್ ಮಾಡಿಟ್ಟುಕೊಂಡು, ನಮಗೆ ಕೆಲಸದ ದಿನವಾದ ಭಾನುವಾರ ಊಟದ ಹೊತ್ತಿಗೆ ಮೀಟಿಂಗ್ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದರು. ಅಲ್ಲಿಯವರೆಗೆ ಫೋನು ಡ್ರಾಯರಿನೊಳಗೆ. ಫಲಿತಾಂಶವನ್ನು ಯಾರೂ ಬಾಯಿಬಿಡಬಾರದು. ಅಲ್ ಕೂಜ್‌ನಲ್ಲಿ ಅದು ಯಾರಿಗೆ ಗೊತ್ತಿರುತ್ತದೆ ಪುಣ್ಯಾತ್ಮ!

ಒಂದು ಭಾನುವಾರ ಡ್ರಾಯಿಂಗಿಗೆ ಸಹಿ ಹಾಕಿಸಲು ಒಳಗೆ ಹೋದವನು ಅಲ್ಲೇ ಕುಳಿತುಬಿಟ್ಟೆ. ಮೂರು ವಾರ ನನಗೆ ಅವರು ಚೆಂಡಿನ ಬದಲು ಹೊಡೆಯುವ ಆ ರಬ್ಬರ್ ಬಿಲ್ಲೆ ಕಣ್ಣಿಗೇ ಬೀಳಲಿಲ್ಲ.

"ಬಿಲ್ಲೆಯನ್ನು ಹುಡುಕಬೇಡಿ. ತಲೆಗಳು ಎತ್ತ ತಿರುಗುತ್ತವೆ ನೋಡಿ" ಎಂದರು. ಆಮೇಲೆ ಎಲ್ಲ ಕಾಣತೊಡಗಿತು. ಕಂಡಷ್ಟೂ ಪ್ರಶ್ನೆ. ಆಟ ಎರಡು ಭಾಗವಲ್ಲದೆ ಮೂರು ಯಾಕೆ? ತಪ್ಪು ಮಾಡಿದ ಅಷ್ಟು ದೊಡ್ಡ ಗಂಡಸನ್ನು ಎರಡು ನಿಮಿಷ ಕಟಕಟೆಯಲ್ಲಿ ಕೂರಿಸಿದರೆ ಅವನು ಸುಮ್ಮನೆ ಕೂರುತ್ತಾನಲ್ಲ, ಹೇಗೆ? ಹೆಲ್ಮೆಟ್ಟಿನಿಂದ ಕುಂಡೆಯವರೆಗೆ ಜಾಹೀರಾತು ಯಾಕೆ? ನಮ್ಮ ಉಡುಪಿ ಬಸ್ಸುಗಳ ಮೈಮೇಲೂ ಇಷ್ಟು ಬರಹ ಇರುವುದಿಲ್ಲ. ತಡೆಯಲಾರದೆ ಒಂದು ಶುಕ್ರವಾರ ಮಾಲ್‌ನ ಐಸ್ ರಿಂಕಿಗೆ ಹೋಗಿ ಮಂಜುಗಡ್ಡೆ ಮುಟ್ಟಿ ಬಂದೆ. ಅದರ ಕೆಳಗೂ ನಾವು ಹಾಕುವಂಥದೇ ಪೈಪುಗಳು ಎಂದು ತಿಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಚಳಿಗಾಲ ಹೆಂಡತಿ ಬಸುರಿಯಾಗಿ ಕಾರ್ಕಳದ ತವರಿನಲ್ಲಿದ್ದಳು. ಹಿಂದಿನ ಸಲ ಮೂರು ತಿಂಗಳಿಗೇ ಎಲ್ಲರಿಗೂ ಹೇಳಿ ಸಿಹಿ ಹಂಚಿದ್ದೆವು, ಮಗು ಉಳಿಯಲಿಲ್ಲ. ಈ ಸಲ ಆಫೀಸಿನಲ್ಲಿ ನಾನು ತುಟಿ ಪಿಟಕ್ಕೆನ್ನಲಿಲ್ಲ. ಏಳನೇ ತಿಂಗಳು ಬಿದ್ದಾಗ ಅಮ್ಮನ ಫೋನು ಬಂತು. "ಮಗಾ, ಇನ್ನು ಗಡ್ಡಕ್ಕೆ ಬ್ಲೇಡ್ ತಾಗಿಸ್ಬೇಡ. ಅವ್ಳ ಹೆರಿಗೆ ಆಗ್ಲಿ, ಮತ್ತೆ ತೆಗಿ." ನನಗೆ ಇಂಥದರಲ್ಲಿ ನಂಬಿಕೆಯಿಲ್ಲ. ಆದರೆ ತೆಗೆಯುವ ಧೈರ್ಯವೂ ಬರಲಿಲ್ಲ.

ಮಾರ್ಚ್ ಹೊತ್ತಿಗೆ ಮ್ಯಾನೇಜರರ ತಂಡ ತೀರಾ ಕೆಳಗಿತ್ತು. ಕೊನೆಯ ಸುತ್ತಿನಲ್ಲಿ ಸೋತರೆ ಕೆಳಗಿನ ಲೀಗಿಗೆ ಬೀಳುತ್ತದೆ. ಒಂದು ಭಾನುವಾರ ಅವರೂ ಕ್ಷೌರ ಮಾಡದೆ ಬಂದರು. ಸೀಸನ್ನಿನ ಕೊನೆಯಲ್ಲಿ ಆಟಗಾರರೂ ಅಭಿಮಾನಿಗಳೂ ಸೋಲುವವರೆಗೆ ಗಡ್ಡ ತೆಗೆಯುವುದಿಲ್ಲವಂತೆ. ನನ್ನ ಗಡ್ಡ ನೋಡಿ ಅವರ ಕಣ್ಣು ಅರಳಿತು.

"ನೀವು ನನಗಿಂತ ಮೊದಲೇ ಶುರು ಮಾಡಿದ್ದೀರಿ!" ಎಂದು ಕೈ ಕುಲುಕಿದರು.

ಇಲ್ಲ ಎನ್ನಬೇಕಿತ್ತು. ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ಸುಮ್ಮನೆ ಹಲ್ಲುಕಿರಿದೆ. ಪಕ್ಕದ ಮೇಜಿನ ಮೈಸೂರಿನವರು "ಏನ್ ಸಾರ್, ಗಡ್ಡ ಬಿಟ್ಕೊಂಡು ಬಾಸ್‌ಗೆ ಬೆಣ್ಣೆ ಹಚ್ತಿದೀರಾ?" ಎಂದು ಕಾಲೆಳೆದರು. ನಾಚಿಕೆಯಾಯಿತು. ಏಪ್ರಿಲಿಗೆ ರಜೆ ಕೇಳಿ ಕಾರಣ 'ವೈಯಕ್ತಿಕ' ಎಂದಷ್ಟೇ ಬರೆದಿದ್ದೆ. ಅಬುಧಾಬಿಯ ಕೋಲ್ಡ್ ಸ್ಟೋರೇಜ್ ಒಪ್ಪಿಸಿದ ಮೇಲೆ ಹೋಗಿ ಎಂದು ಮ್ಯಾನೇಜರ್ ಬರೆದು ವಾಪಸ್ ಕಳಿಸಿದರು. ಹೆರಿಗೆಯ ದಿನ ಅದಕ್ಕಿಂತ ಮೊದಲೇ ಇತ್ತು.

ಏಪ್ರಿಲ್ ಮೊದಲ ಭಾನುವಾರ ನಿರ್ಣಾಯಕ ಪಂದ್ಯವನ್ನು ಇಬ್ಬರೂ ನೋಡಿದೆವು. ಮ್ಯಾನೇಜರರ ತಂಡ ಒಂದು ಗೋಲಿನಿಂದ ಸೋತಿತು. ಅವರು ಲ್ಯಾಪ್‌ಟಾಪ್ ಮುಚ್ಚಿ "ಖಲಾಸ್" ಎಂದರು. ಚೀಲದಿಂದ ಎರಡು ರೇಜರಿನ ಪ್ಯಾಕೆಟ್ ತೆಗೆದು, ಒಂದನ್ನು ಹಿಡಿದು ವಾಶ್‌ರೂಮಿಗೆ ಹೋದರು. ನುಣ್ಣಗೆ ಬೋಳಿಸಿಕೊಂಡು ಬಂದು ಇನ್ನೊಂದನ್ನು ನನ್ನ ಮುಂದಿಟ್ಟರು.

"ಈಗ ನೀವು."

ನಾನು ಅದನ್ನು ಮುಟ್ಟಲಿಲ್ಲ.

"ಮುಗಿಯಿತಲ್ಲ?"

"ನಿಮ್ಮದು ಮುಗಿಯಿತು ಸರ್. ನನ್ನದು ಮುಗಿದಿಲ್ಲ" ಎಂದೆ. ಎಲ್ಲವನ್ನೂ ಹೇಳಿಬಿಟ್ಟೆ. ಹಿಂದಿನ ಮಗುವಿನ ಮಾತನ್ನೂ ಬಿಡಲಿಲ್ಲ. ಇಷ್ಟು ದಿನ ಸುಳ್ಳು ಗಡ್ಡ ತೋರಿಸಿ ನಂಬಿಸಿದ್ದಕ್ಕೆ ಬೈಯುತ್ತಾರೆಂದು ಕಾದೆ. ಅವರು ನನ್ನ ರಜೆಯ ಅರ್ಜಿ ಹುಡುಕಿ ತೆಗೆದು, ತಾವೇ ಬರೆದದ್ದನ್ನು ಹೊಡೆದುಹಾಕಿದರು.

"ನಾನು ಇಡೀ ಸೀಸನ್ ಲ್ಯಾಪ್‌ಟಾಪಿನಲ್ಲಿ ನೋಡಿದೆ. ನೀವು ಹಾಗೆ ನೋಡಬೇಡಿ. ಹೋಗಿ. ಅಬುಧಾಬಿಯದು ನನಗಿರಲಿ" ಎಂದರು. ರೇಜರನ್ನು ನನ್ನ ಅಂಗಿಯ ಕಿಸೆಗೆ ತುರುಕಿದರು.

ಒಂದು ವಾರದ ನಂತರ, ಬೆಳಗ್ಗೆ ಹತ್ತರ ಸುಮಾರಿಗೆ, ಕಾರ್ಕಳದ ಆಸ್ಪತ್ರೆಯ ಹೆರಿಗೆ ಕೋಣೆಯ ಬಾಗಿಲಾಚೆ ಮಗಳು ಅತ್ತದ್ದು ಕೇಳಿಸಿತು. ಅಮ್ಮ ಕಣ್ಣೊರೆಸಿಕೊಂಡು "ಹೋಗು, ಗಡ್ಡ ತೆಗಿ" ಎಂದಳು. ಆಸ್ಪತ್ರೆಯ ಕನ್ನಡಿಯ ಮುಂದೆ ನಿಂತು ಆ ರೇಜರನ್ನು ಹಿಡಿದೆ. ಆಚೆ ಮಗಳು ಮತ್ತೆ ಅತ್ತಳು, ರೇಜರನ್ನು ಕಿಸೆಗೆ ತುರುಕಿ ಓಡಿದೆ. ಆ ದಿನ ಗಡ್ಡ ತೆಗೆಯಲು ಆಗಲೇ ಇಲ್ಲ.