ಫ್ಲೆಕ್ಸಿನಲ್ಲಿ ಖಾಲಿ ಜಾಗ

ಗೆಳೆಯರೇ, ಕಂಪನಿಗಳಿಗೆ ಜಾಹೀರಾತು ಮಾಡುವ ನಾನು ಇಂದು ದಾಸರಹಳ್ಳಿಯ ಉಚಿತ ಹೊಲಿಗೆ ತರಗತಿಗೆ ಪುಕ್ಕಟೆಯಾಗಿ ಒಂದು ಫ್ಲೆಕ್ಸ್ ವಿನ್ಯಾಸ ಮಾಡಿಕೊಟ್ಟೆ. ಬಿಳಿ ಹಿನ್ನೆಲೆ, ಒಂದು ಸೂಜಿ, ಎರಡೇ ಸಾಲು.

ತರಗತಿಗೆ ಬಾಡಿಗೆಯಿಲ್ಲದೆ ರೂಮು ಕೊಟ್ಟಿರುವ ಮುನಿರಾಜಣ್ಣ ನೋಡಿದರು. "ಇಷ್ಟೊಂದ್ ಜಾಗ ಖಾಲಿ ಬಿಟ್ಟಿದ್ದೀರಲ್ಲ ಮೇಡಂ, ನಮ್ ಫೋಟೋ ಎಲ್ಲಿ?"

"ಖಾಲಿ ಜಾಗ ಇದ್ರೇನೇ ಕಣ್ಣಿಗೆ ಬೀಳೋದು ಸಾರ್" ಎಂದೆ.

"ಅಂಗಾದ್ರೆ ರೂಮನ್ನೂ ಖಾಲಿ ಮಾಡ್ಸಿಬಿಡ್ಲಾ? ಇನ್ನೂ ಚೆನ್ನಾಗ್ ಕಣ್ಣಿಗೆ ಬೀಳ್ತೈತೆ."

ಸಂಜೆಯೊಳಗೆ ಅವರು, ಅವರ ತಮ್ಮಂದಿರು, ಭಾಮೈದ, ಎಲ್ಲರೂ ಕೈ ಮುಗಿದುಕೊಂಡು ಫ್ಲೆಕ್ಸ್ ಹತ್ತಿದರು. ಸೂಜಿ ಹೋಯಿತು. ಹೊಲಿಗೆ ತರಗತಿ ಮೂಲೆ ಸೇರಿತು. ಕೆಳಗೆ 'ಶುಭ ಕೋರುವವರು' ಎಂದು ನನ್ನ ಫೋಟೋವನ್ನೂ ಹಾಕಿಸಿದ್ದರು.

ಮನಸ್ಸಿಗೆ ತುಂಬಾ ಬೇಸರವಾಗಿದೆ ಕಣ್ರೀ. ಭಾಮೈದನ ಫೋಟೋ ನನ್ನದಕ್ಕಿಂತ ದೊಡ್ಡದಿದೆ.