ಓಡುವುದೂ ಡ್ಯೂಟಿಯಾದಾಗ

ಮೊದಲು ಕೈಕೊಟ್ಟಿದ್ದು ನಾಲಿಗೆ.

ಯಲ್ಲದಕೆರೆ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್. ಕಂಬ ಹತ್ತುವ ಮುನ್ನ ಲೈನ್‌ಮನ್ ನನಗೆ ಫೋನ್ ಮಾಡುತ್ತಾನೆ. ನಾನು ಆ ಲೈನನ್ನು ಬಂದ್ ಮಾಡಿ ‘ಲೈನ್ ಕ್ಲಿಯರ್’ ಅನ್ನಬೇಕು. ಆಮೇಲೆಯೇ ಅವನು ತಂತಿ ಮುಟ್ಟುವುದು. ಅವತ್ತು ಮಧ್ಯಾಹ್ನ ಫೋನಿನಲ್ಲಿದ್ದವನು ನಾಗರಾಜ. ಲೈನ್ ಬಂದ್ ಮಾಡಿದ್ದೆ. ಬಂದ್ ಆಗಿದೆಯೆಂದು ತೋರಿಸುವ ಹಸಿರು ದೀಪ ಕಣ್ಣೆದುರೇ ಉರಿಯುತ್ತಿತ್ತು. ಆದರೂ ನಂಬಿಕೆ ಬರಲಿಲ್ಲ. ಎದ್ದು ಹೋಗಿ ನೋಡಿದೆ. ಮತ್ತೆ ನೋಡಿದೆ.

“ಹತ್ಲಾ ಮೇಡಂ?”

ಮಾತು ಹೊರಡಲಿಲ್ಲ.

“ಮೇಡಂ, ಕೇಳ್ತೈತಾ? ಬಂದಾಗೈತೋ ಇಲ್ವೋ ಹೇಳ್ರಿ!”

ಫೋನನ್ನು ಮೇಜಿನ ಮೇಲಿಟ್ಟು ನೆಲಕ್ಕೆ ಕುಸಿದೆ. ಪುಣ್ಯಕ್ಕೆ ನಾಗರಾಜ ಕಂಬ ಹತ್ತಲಿಲ್ಲ. ಬೈಕಿನಲ್ಲಿ ನೇರ ಸ್ಟೇಷನ್ನಿಗೇ ಬಂದ. ನನ್ನ ಮುಖ ನೋಡಿದವನೇ ನನ್ನ ಗಂಡನಿಗೆ ಫೋನ್ ಮಾಡಿದ.

ಜೊತೆಯವರಿಬ್ಬರು ವರ್ಗವಾಗಿ ಹೋದ ಮೇಲೆ ಅವರ ಪಾಳಿಗಳೂ ನನ್ನ ತಲೆಗೇ ಬಿದ್ದಿದ್ದವು. ಮನೆಯಲ್ಲಿ ಕುಕ್ಕರ್ ಕೂಗಿದರೂ ಸ್ಟೇಷನ್ನಿನ ಅಲಾರಂ ಎಂದುಕೊಂಡು ಎದ್ದೋಡುತ್ತಿದ್ದೆ. ಕರೆಂಟ್ ಯಾವಾಗ ಕೊಡ್ತೀರಿ ಎಂದು ಕೇಳುವ ದನಿಗಳು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ಬರೀ ಆಯಾಸ, ನಾಲ್ಕು ದಿನ ಮಲಗಿದರೆ ಹೋಗುತ್ತದೆ ಎಂದುಕೊಂಡಿದ್ದೆ. ಆ ನಾಲ್ಕು ದಿನ ಸಿಗಲೇ ಇಲ್ಲ.

ಚಿತ್ರದುರ್ಗದ ಸೈಕಿಯಾಟ್ರಿಸ್ಟ್ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲ ಕೇಳಿಸಿಕೊಂಡು, “ಇದು ಬರ್ನ್‌ಔಟ್. ಜೊತೆಗೆ ಆಂಗ್ಸೈಟಿನೂ ಇದೆ,” ಎಂದರು.

ನನ್ನ ಗಂಡ ತಿಪ್ಪೇಸ್ವಾಮಿ ಹೈಸ್ಕೂಲ್ ಮೇಷ್ಟ್ರು. “ಕೆಲ್ಸ ಜಾಸ್ತಿ ಆದ್ರೂ ಕಾಯಿಲೆ ಬರ್ತೈತಾ ಡಾಕ್ಟ್ರೇ?” ಎಂದು ಕೇಳಿದರು.

“ಬಂದಿದೆಯಲ್ಲ.”

ಮೆಡಿಕಲ್ ಲೀವ್, ಮಾತ್ರೆ, ದಿನಾ ಒಂದಿಷ್ಟು ನಡಿಗೆ. ನಡೆಯಲು ಹೊರಟವಳನ್ನು ಓಡಿಸಿದ್ದು ಒಂದು ನಾಯಿ. ಊರಾಚೆ ತೆಂಗಿನ ತೋಟದ ಬಳಿ ಅಟ್ಟಿಸಿಕೊಂಡು ಬಂತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ನಾಯಿ ಹಿಂದುಳಿಯಿತು, ನಾನು ನಿಲ್ಲಲಿಲ್ಲ. ನಿಂತಾಗ ಗೊತ್ತಾಯಿತು, ಅಷ್ಟು ಹೊತ್ತೂ ತಲೆಯೊಳಗೆ ಒಂದು ಫೋನೂ ರಿಂಗಾಗಿರಲಿಲ್ಲ.

ಮರುದಿನ ಬೇಕೆಂದೇ ಓಡಿದೆ. ಎದುರು ಬಂದವರು ಬೈಕ್ ನಿಲ್ಲಿಸಿ, “ಯಾಕಕ್ಕಾ, ಯಾರಿಗೇನಾತು?” ಎಂದು ಗಾಬರಿಯಿಂದ ಕೇಳುತ್ತಿದ್ದರು. ಚೂಡಿದಾರ್ ತೊಟ್ಟ ಹೆಂಗಸು ಬೆಳಗ್ಗೆ ಬೆಳಗ್ಗೆ ಓಡುತ್ತಿದ್ದಾಳೆಂದರೆ ಕೆಟ್ಟ ಸುದ್ದಿಯೇ ಇರಬೇಕಲ್ಲ! ನಗು ಬರುತ್ತಿತ್ತು. ನಗು ಬಂದು ಎಷ್ಟೋ ಕಾಲವಾಗಿತ್ತು. ನಿದ್ದೆ ಹತ್ತತೊಡಗಿತು. ಹಸಿವಾಗತೊಡಗಿತು.

ಅಲ್ಲಿಗೇ ಇದ್ದಿದ್ದರೆ ಚೆನ್ನಾಗಿತ್ತು.

ಮುಂದಿನ ಊರಿನ ಬಸ್ ಸ್ಟಾಪ್ ಮುಟ್ಟಿದೆ. ಆಮೇಲೆ ಅದರಾಚೆಯ ಊರು. ನಿನ್ನೆಗಿಂತ ಇವತ್ತು ಕಡಿಮೆಯಾದರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೊಣಕಾಲು ಊದಿಕೊಂಡಿತು, ಗಂಡನಿಗೆ ಕಾಣದ ಹಾಗೆ ಮುಲಾಮು ಹಚ್ಚಿಕೊಂಡೆ. ಓಡುತ್ತೇನಲ್ಲ, ಇನ್ನು ಮಾತ್ರೆ ಯಾಕೆ ಎಂದು ಯಾರನ್ನೂ ಕೇಳದೆ ಅದನ್ನು ನಿಲ್ಲಿಸಿದೆ.

“ಸ್ವಲ್ಪ ನಿಧಾನ ಕಣೇ. ಹಿಂದೆ ಯಾರ್ ಅಟ್ಟಿಸ್ಕೊಂಡ್ ಬರ್ತಾವ್ರೆ?” ಎಂದರು ತಿಪ್ಪೇಸ್ವಾಮಿ.

ರೇಗಿಬಿಟ್ಟೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಅದಾಗಿ ಕೆಲವೇ ದಿನ. ಊರಿಂದ ಬಹಳ ದೂರ ಬಂದಿದ್ದೆ. ಬಿಸಿಲೇರಿತ್ತು. ಎದೆ ಇದ್ದಕ್ಕಿದ್ದಂತೆ ಹೊಡೆದುಕೊಳ್ಳತೊಡಗಿತು. ಎಡಗೈ ಜೋಮು ಹಿಡಿಯಿತು. ಉಸಿರು ಒಳಗೆ ಹೋಗುತ್ತಿಲ್ಲ.

ಸತ್ತೆ ಎಂದುಕೊಂಡೆ.

ಪಕ್ಕದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಓಡಿ ಬಂದು ನನ್ನನ್ನು ಜಾಲಿಮರದ ನೆರಳಿಗೆ ಎಳೆದುಕೊಂಡಳು.

“ಕುಂತ್ಕಳವ್ವ, ಹೆದರ್ಬ್ಯಾಡ. ನಿಮ್ಮನೇರ ನಂಬರ್ ಹೇಳು.”

ಓಡುವಾಗ ನಾನು ಫೋನ್ ಒಯ್ಯುತ್ತಿರಲಿಲ್ಲ. ಗಂಡನ ನಂಬರ್ ನೆನಪಾಗಲಿಲ್ಲ. ಎಷ್ಟು ತಡಕಾಡಿದರೂ ಬರಲಿಲ್ಲ. “ಮೇಷ್ಟ್ರು... ತಿಪ್ಪೇಸ್ವಾಮಿ...” ಎಂದು, ಜೊತೆಗೆ ಊರಿನ ಹೆಸರು, ಅಷ್ಟೇ ಹೇಳಲಾಯಿತು. ಅಜ್ಜಿಯ ಯಜಮಾನ ಹೊಲದಿಂದ ರಸ್ತೆಗೆ ಹೋಗಿ, ಬೈಕಿನವನೊಬ್ಬನನ್ನು ತಡೆದು ನಮ್ಮೂರಿಗೆ ಹೋದ. ನನ್ನ ಗಂಡ ಬರುವವರೆಗೂ ಅಜ್ಜಿ ನನ್ನ ಬೆನ್ನು ನೀವುತ್ತಲೇ ಇದ್ದಳು.

ಹಿರಿಯೂರಿನ ಆಸ್ಪತ್ರೆಯಲ್ಲಿ ಇಸಿಜಿ ನಾರ್ಮಲ್ ಬಂತು. ಪ್ಯಾನಿಕ್ ಅಟ್ಯಾಕ್ ಎಂದರು. ತಿಪ್ಪೇಸ್ವಾಮಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. “ನೀನು ಹೋಗೇಬಿಟ್ಟೆ ಅಂದ್ಕೊಂಡಿದ್ದೆ ಕಣೇ.”

ಚಿತ್ರದುರ್ಗದ ಡಾಕ್ಟರ್ ಬೈದರು. “ಮಾತ್ರೆ ನಿಲ್ಸೋಕೆ ನಿಮಗೆ ಯಾರು ಹೇಳಿದ್ದು?” ಆಮೇಲೆ ದನಿ ತಗ್ಗಿಸಿ, “ಒಂದು ಡ್ಯೂಟಿಯಿಂದ ಬಿಡಿಸಿ ಕಳಿಸಿದ್ರೆ ಇನ್ನೊಂದಕ್ಕೆ ಸೇರ್ಕೊಂಡಿದ್ದೀರಲ್ರಿ,” ಎಂದರು.

ತುಸು ಕಾಲ ಓಟ ಪೂರ್ತಿ ಬಂದ್. ಆ ದಿನಗಳನ್ನು ಕಳೆದದ್ದು ಹೇಗೆಂದು ಈಗಲೂ ಬರೆಯಲಾರೆ. ಆಮೇಲೆ ದಿನ ಬಿಟ್ಟು ದಿನ, ಜೊತೆಯವರೊಡನೆ ಮಾತಾಡಿಕೊಂಡು ಓಡುವಷ್ಟೇ ವೇಗದಲ್ಲಿ ಎಂಬ ಕರಾರಿನ ಮೇಲೆ ಡಾಕ್ಟರ್ ಒಪ್ಪಿದರು. ಜೊತೆಗೆ ಬರುವವರು ನಮ್ಮ ಮೇಷ್ಟ್ರು. ಹೊಟ್ಟೆ ಬಂದಿದೆ, ಬೇಗ ಏದುಸಿರು ಬಿಡುತ್ತಾರೆ. ಆದರೂ ಬರುತ್ತಾರೆ.

ಈಗ ಹಿರಿಯೂರಿನ ಆಫೀಸಿನಲ್ಲಿ ಕೆಲಸ, ಹಗಲು ಪಾಳಿ ಮಾತ್ರ. ಮಾತ್ರೆ ನಡೆಯುತ್ತಿದೆ. ಪೂರ್ತಿ ಗುಣವಾಯಿತೆಂದು ಹೇಳುವ ಧೈರ್ಯವಿಲ್ಲ. ಕೆಲವು ದಿನ ಬೆಳಗ್ಗೆ ಹಾಸಿಗೆ ಬಿಟ್ಟೇಳುವುದೇ ದೊಡ್ಡ ಕೆಲಸ.

ಮೊನ್ನೆ ಓಡುತ್ತಿದ್ದಾಗ ಮುಂದಿನ ಊರಿನ ಮನೆಗಳು ಕಾಣುತ್ತಿದ್ದವು. ಕಾಲಿನಲ್ಲಿ ಶಕ್ತಿಯೂ ಇತ್ತು. ನಿಂತೆ. ಹಿಂದಿನಿಂದ ಬಂದ ತಿಪ್ಪೇಸ್ವಾಮಿ ಗಾಬರಿಯಾದರು.

“ಯಾಕೆ, ಏನಾತು?”

“ಏನಿಲ್ಲ. ಸಾಕು.”

“ಹಂಗಾದ್ರೆ ಮನೆಗೆ ಹೋಗಾಣ,” ಎಂದರು.

ನಡೆದುಕೊಂಡೇ ಬಂದೆವು.